ಚಕ್ರವರ್ತಿಯ ಬಾವುಟದಲ್ಲಿ ನಿಪ್ಪಾಣಿಯ ಬೆಳೆ

ಬ್ರೆಜಿಲ್ ಚಕ್ರವರ್ತಿಗಳ ಹಸಿರು ಬಾವುಟದ ನಡುವೆ ಕಿರೀಟ ಹೊತ್ತ ಗುರಾಣಿಯಿತ್ತು. ಅದರ ಒಂದು ಮಗ್ಗುಲಿಗೆ ಕಾಫಿ ರೆಂಬೆ, ಇನ್ನೊಂದು ಮಗ್ಗುಲಿಗೆ ಹೂಬಿಟ್ಟ ತಂಬಾಕು. ನಿಪ್ಪಾಣಿ, ಚಿಕ್ಕೋಡಿ ಕಡೆಯ ಯಾವ ರೈತನೂ ಆ ಎಲೆಯನ್ನು ಕಂಡಕೂಡಲೇ ಗುರುತು ಹಿಡಿದಾನು. ಹೂವು ಮಾತ್ರ ಅವನ ಹೊಲದಲ್ಲಿ ಅಪರೂಪ. ಎಲೆ ದಪ್ಪವಾಗಿ ಬಲಿಯಲೆಂದು ಹೂ ಅರಳುವ ಮೊದಲೇ ಕುಡಿ ಚಿವುಟುತ್ತಾರೆ. ಬೀಜಕ್ಕೆ ಬಿಟ್ಟ ಗಿಡಗಳಲ್ಲಷ್ಟೇ ಹೂ ನಿಲ್ಲುತ್ತದೆ.

ಈ ಗಿಡ ಅಮೆರಿಕ ಖಂಡದ್ದು. ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಬ್ರೆಜಿಲ್‌ನ ಬಹಿಯಾದ ತಂಬಾಕು ಅವರ ಹಡಗುಗಳಲ್ಲಿ ಗೋವೆಗೂ ಬರುತ್ತಿತ್ತು. ಅಥಣಿ, ರಾಯಬಾಗ ಸೀಮೆಯನ್ನಾಳುತ್ತಿದ್ದ ವಿಜಾಪುರದಲ್ಲಿ 17ನೇ ಶತಮಾನದ ಆರಂಭಕ್ಕೇ ಅದು ಬೇರೂರಿತ್ತು. ಅಲ್ಲಿನ ಸುಲ್ತಾನ ಇಬ್ರಾಹಿಂ ಆದಿಲ್‌ಶಾಹನ ಮಗಳ ಮದುವೆಯ ಕೆಲಸಕ್ಕೆ ಬಂದ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ಇಲ್ಲಿಯೇ. ರತ್ನಖಚಿತ ಕೊಳವೆ, ಚಿನ್ನದ ಚಿಲುಮೆಯೊಡನೆ ಒಯ್ದು ಅಕ್ಬರನ ಮುಂದಿಟ್ಟ. ಹಕೀಮರು ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದ. ಮಗ ಜಹಾಂಗೀರ್ 1617ರಲ್ಲಿ ತಂಬಾಕು ಸೇದಬಾರದೆಂದು ಅಪ್ಪಣೆ ಹೊರಡಿಸಿದ. ಜನ ಕೇಳಲಿಲ್ಲ.

ಅತ್ತ ನೆಪೋಲಿಯನ್‌ನ ದಂಡಿಗೆ ಹೆದರಿ ಪೋರ್ಚುಗಲ್‌ನ ಅರಮನೆಗೆ ಅರಮನೆಯೇ ಹಡಗು ಹತ್ತಿ 1808ರಲ್ಲಿ ಬ್ರೆಜಿಲ್ ಸೇರಿತು. 1821ರಲ್ಲಿ ದೊರೆ ಮರಳಿದ. ಮಗ ಪೆದ್ರೊ ಅಲ್ಲೇ ಉಳಿದ. 1822ರ ಸೆಪ್ಟೆಂಬರ್ 7ರಂದು ಇಪಿರಂಗಾ ಹೊಳೆಯ ದಂಡೆಯಲ್ಲಿ ಸ್ವಾತಂತ್ರ್ಯ ಸಾರಿದವನು ಈ ರಾಜಕುಮಾರನೇ. ಹನ್ನೊಂದು ದಿನಕ್ಕೆ ಹೊರಟ ಫರ್ಮಾನು ಕಾಫಿ, ತಂಬಾಕುಗಳನ್ನು ದೇಶದ ವ್ಯಾಪಾರ ಸಂಪತ್ತಿನ ಲಾಂಛನವೆಂದು ಕರೆಯಿತು. ಡಿಸೆಂಬರ್ 1ಕ್ಕೆ ಅವನಿಗೆ ಚಕ್ರವರ್ತಿಯ ಪಟ್ಟಾಭಿಷೇಕವಾಯಿತು.

ಆ ಸಂಪತ್ತನ್ನು ಬೆಳೆದ ಕೈಗಳ ಸುದ್ದಿ ಫರ್ಮಾನಿನಲ್ಲಿಲ್ಲ. ಬಹಿಯಾದ ಹೊಲಗಳಲ್ಲಿ ದುಡಿದವರು ಗುಲಾಮರು. ಕಾಕಂಬಿ ಸವರಿ ಸುತ್ತಿದ ಅಲ್ಲಿನ ತಂಬಾಕನ್ನೇ ಕೊಟ್ಟು ಪಶ್ಚಿಮ ಆಫ್ರಿಕದಲ್ಲಿ ಮತ್ತಷ್ಟು ಗುಲಾಮರನ್ನು ಕೊಳ್ಳುತ್ತಿದ್ದರು. ದೇಶ ಸ್ವತಂತ್ರವಾದ ಮೇಲೂ ಗುಲಾಮರು ತಮ್ಮ ಬಿಡುಗಡೆಗೆ 1888ರವರೆಗೆ ಕಾಯಬೇಕಾಯಿತು. ಮರುವರ್ಷವೇ ಎರಡನೇ ಪೆದ್ರೊನ ಸಿಂಹಾಸನ ಉರುಳಿತು.

ಬೆಳೆದ ಕೈಗಳನ್ನು ಹೀಗೆ ಮರೆಯುವ ಕಾರಣಕ್ಕೇ ನಿಪ್ಪಾಣಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಬೀಡಿ ತಂಬಾಕಿನಿಂದಲೇ ಹೆಸರಾದ ಪೇಟೆಯದು. ದರ ಮಾತ್ರ ವ್ಯಾಪಾರಿ ಹೇಳಿದ್ದೇ ಆಗಿತ್ತು. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳ್ತನದಲ್ಲಿ ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಬೀಡುಬಿಟ್ಟರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ರೈತರು ಸತ್ತರು. ತಾವು ಬೆಳೆದ ಮಾಲಿಗೆ ನ್ಯಾಯವಾದ ದರ ಕೇಳಿದ್ದಕ್ಕೆ ಸತ್ತವರು ಅವರು.

ಅಲ್ಲಿನ ತಂಬಾಕು ವಖಾರಿಯೊಳಗಿನ ಹೆಂಗಸರ ಹೋರಾಟ ಇನ್ನೊಂದು. ಒಣ ಎಲೆ ಬಡಿದು ಜರಡಿ ಹಿಡಿಯುವಾಗ ಏಳುವ ಘಾಟು ಮೂಗು, ಗಂಟಲು, ಎದೆಗೆ ಇಳಿಯುತ್ತದೆ. ಸೆರಗು ಎಷ್ಟು ಬಿಗಿದು ಕಟ್ಟಿದರೂ ನಿಲ್ಲದು. ಆ ಧೂಳಿನಲ್ಲೇ ದುಡಿದು, ಸಾಕಾಗದ ಕೂಲಿಗೆ ತಲೆಬಾಗುತ್ತಿದ್ದವರು ಒಗ್ಗೂಡಿ ಸಂಘ ಕಟ್ಟಿದರು, ಮುಷ್ಕರ ಹೂಡಿದರು. ಯುಗಾಂತರ್ ಎಂಬ ಚಿತ್ರ ತಂಡ 1982ರಲ್ಲಿ ಅವರ ಮೇಲೆ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅದರಲ್ಲಿ ತಮ್ಮ ಕೂಲಿಯ ಲೆಕ್ಕವನ್ನು, ಮಾಲೀಕರೊಡನೆ ನಡೆದ ಜಗಳವನ್ನು ಆ ಹೆಂಗಸರೇ ಮುಂದೆ ನಿಂತು ಹೇಳುತ್ತಾರೆ.