ವಾರಾಹಿಯಿಂದ ಸ್ವರ್ಣೆಯ ಸೀಮೆಗೆ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು, ಘಟ್ಟಕ್ಕೂ ಕಡಲಿಗೂ ನಡುವಿನ ಅಲ್ಪ ದೂರವನ್ನು ಬೇಗನೆ ಕ್ರಮಿಸಿ ಸಮುದ್ರ ಸೇರುತ್ತದೆ. ಮುರಕಲ್ಲಿನ ನೆಲವೂ ಹೀರಿಕೊಂಡದ್ದನ್ನು ಬಹುಕಾಲ ಹಿಡಿದಿಡಲಾರದು. ಇಲ್ಲಿನ ಕೊರತೆ ಏಪ್ರಿಲ್, ಮೇ ತಿಂಗಳುಗಳ ಕೊರತೆ.

ಈ ಕೊರತೆಯ ಭಾರವನ್ನು ದೀರ್ಘಕಾಲ ಹೊತ್ತದ್ದು ಸ್ವರ್ಣಾ ನದಿ. ಮೇಲ್ಭಾಗದ ಮುಂಡ್ಲಿಯಲ್ಲಿ ಕಾರ್ಕಳವೂ, ಕೆಳಗೆ ಹಿರಿಯಡಕ ಸಮೀಪದ ಬಜೆಯಲ್ಲಿ ಉಡುಪಿ ಮತ್ತು ಮಣಿಪಾಲವೂ ಇದೇ ನದಿಗೆ ಕೈಯೊಡ್ಡಿವೆ. ಶಿಕ್ಷಣ ಮತ್ತು ವೈದ್ಯಕೀಯ ಸಂಸ್ಥೆಗಳಿಂದ ಮಣಿಪಾಲ ಬೆಳೆದಂತೆಲ್ಲ ಬಜೆಯ ಮೇಲಿನ ಒತ್ತಡ ಹೆಚ್ಚಿತು. 2019ರ ಮೇ ತಿಂಗಳಲ್ಲಿ ಅಲ್ಲಿನ ಸಂಗ್ರಹ ತಳಕಂಡಾಗ, ನದೀಪಾತ್ರದ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಎತ್ತಿ, ನಗರಕ್ಕೆ ಸರದಿಯಂತೆ ಹಂಚಬೇಕಾಯಿತು. ಮುಂಗಾರು ತಡವಾದ 2023ರಲ್ಲಿಯೂ ಟ್ಯಾಂಕರುಗಳು ಓಡಿದವು. ಕಡಲಂಚಿನ ಕಾಪುವಿನ ಕಷ್ಟ ಬೇರೆ ಬಗೆಯದು. ಬೇಸಿಗೆಯಲ್ಲಿ ಕರಾವಳಿಯ ಬಾವಿಗಳಿಗೆ ಉಪ್ಪು ಏರುತ್ತದೆ.

ಪರಿಹಾರವನ್ನು ಉತ್ತರದ ವಾರಾಹಿಯಲ್ಲಿ ಅರಸಲಾಯಿತು. 2015ರಲ್ಲಿ ಆರಂಭವಾದ ಅಮೃತ್ ಯೋಜನೆಯಡಿ, ಹಾಲಾಡಿ ಭಾಗದಿಂದ ಕೊಳವೆಯ ಮೂಲಕ ನೀರನ್ನು ಉಡುಪಿಗೆ ತರುವ ಕಾರ್ಯ ಕೈಗೊಳ್ಳಲಾಯಿತು. ಗಂಗೊಳ್ಳಿಯ ಅಳಿವೆಗೆ ಸೇರಬೇಕಾದ ನೀರು ಸೀತಾನದಿಯ ಜಲಾನಯನವನ್ನು ದಾಟಿ ಸ್ವರ್ಣೆಯ ಸೀಮೆಗೆ ಬರುವ ವ್ಯವಸ್ಥೆಯಿದು. ಎತ್ತಿನಹೊಳೆಯ ತಿರುವನ್ನು ವಿರೋಧಿಸಿದ ಕರಾವಳಿಯು ತನ್ನೊಳಗಿನ ಈ ತಿರುವನ್ನು ಅಷ್ಟೊಂದು ಚರ್ಚಿಸಲಿಲ್ಲವೆಂಬುದು ಕುತೂಹಲಕರ. ಇಲ್ಲಿ ದೂರ ಕಡಿಮೆ, ನೀರಿನ ಪ್ರಮಾಣವೂ ಕಡಿಮೆ ಎಂಬುದೇನೋ ನಿಜ.

ಆದರೆ ಇತರ ನದಿಗಳು ಬತ್ತುವಾಗ ವಾರಾಹಿಯಲ್ಲಿ ನೀರಿರುವುದಾದರೂ ಹೇಗೆ? ಘಟ್ಟದ ಮೇಲೆ ಹೊಸನಗರ ತಾಲೂಕಿನ ಮಾಣಿ ಜಲಾಶಯದಲ್ಲಿ ನಿಂತ ಮಳೆನೀರು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿದು, 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ ಹೊಳೆಗೆ ಸೇರುತ್ತದೆ. ವಾರಾಹಿಯ ಬೇಸಿಗೆಯ ಹರಿವಿಗೆ ಈ ಬಿಡುಗಡೆಯೇ ಮುಖ್ಯ ಆಧಾರ. ಹೀಗಾಗಿ ಮಣಿಪಾಲದ ನಲ್ಲಿಗೆ ಬರುವ ಮೇ ತಿಂಗಳ ನೀರು ರಾಜ್ಯದ ವಿದ್ಯುತ್ ಬೇಡಿಕೆಯೊಡನೆ ತಳುಕು ಹಾಕಿಕೊಳ್ಳುತ್ತದೆ. ಮಾಣಿಯ ಸಂಗ್ರಹ ತಗ್ಗಿದ ವರ್ಷ ವಿದ್ಯುತ್ತು, ಬೇಸಾಯ, ಕುಡಿಯುವ ನೀರು ಮೂರೂ ಒಂದೇ ಪಾತ್ರೆಗೆ ಕೈಹಾಕುತ್ತವೆ.

ಬೇಸಾಯದ ಹಕ್ಕು ಇವುಗಳಲ್ಲಿ ಕಡೆಗಣಿಸುವಂಥದ್ದಲ್ಲ. ನಗರದ ಕೊಳವೆಗಿಂತ ಎಷ್ಟೋ ಮೊದಲೇ ರೂಪುಗೊಂಡ ವಾರಾಹಿ ನೀರಾವರಿ ಯೋಜನೆಯ ಕಾಲುವೆಗಳಿಗಾಗಿ ಕುಂದಾಪುರ ಸೀಮೆಯ ರೈತರು ದಶಕಗಳ ಕಾಲ ಕಾದಿದ್ದಾರೆ. ಕೆಳಹರಿವು ಕ್ಷೀಣಿಸಿದರೆ ಅಳಿವೆಯ ಉಪ್ಪುನೀರು ಇನ್ನಷ್ಟು ಒಳಸರಿದು ದಂಡೆಯ ಗದ್ದೆ, ಬಾವಿಗಳನ್ನು ಮುಟ್ಟುವುದು. ಅದನ್ನು ತಡೆಯಲು ಕಿಂಡಿ ಅಣೆಕಟ್ಟುಗಳಿಗೆ ಮಳೆಗಾಲ ಮುಗಿದೊಡನೆ ಹಲಗೆ ಇಳಿಸುವ ಕೆಲಸ ಸಕಾಲದಲ್ಲಿ ನಡೆಯಬೇಕು.