ಕಿವಿಯ ಮೊರೆತ: ಯಾವಾಗ ತಡಮಾಡಬಾರದು?



ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಗುಂಯ್ ಎಂದೋ, ಜೀರುಂಡೆ ಕೂಗಿದಂತೆಯೋ ಕೇಳಿಸುವುದಕ್ಕೆ ಕಿವಿಯ ಮೊರೆತ ಎನ್ನುತ್ತಾರೆ. ವೈದ್ಯರು ಇದನ್ನು ಟಿನಿಟಸ್ ಎಂದು ಕರೆಯುತ್ತಾರೆ. ಇದು ಸ್ವತಃ ರೋಗವಲ್ಲ, ಬೇರೊಂದು ತೊಂದರೆಯ ಲಕ್ಷಣ. ಹೆಚ್ಚಿನವರಿಗೆ ಇದರಿಂದ ಅಪಾಯವಿಲ್ಲ. ಆದರೆ ಕೆಲವು ಸಂದರ್ಭಗಳಲ್ಲಿ ತಡಮಾಡಿದರೆ ಶ್ರವಣಶಕ್ತಿಯೇ ಶಾಶ್ವತವಾಗಿ ನಷ್ಟವಾಗಬಹುದು. ಗ್ರಾಮಸ್ಥರು ತಮ್ಮಲ್ಲಿ ಕಷ್ಟ ಹೇಳಿಕೊಂಡಾಗ ಈ ವ್ಯತ್ಯಾಸ ತಮಗೆ ತಿಳಿದಿರುವುದು ಅಗತ್ಯ.

ಮೊರೆತ ಹುಟ್ಟುವ ಬಗೆ

ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸಿ ಮಿದುಳಿಗೆ ಕಳುಹಿಸುವ ಸೂಕ್ಷ್ಮ ರೋಮಕೋಶಗಳಿವೆ. ವಯಸ್ಸಿನಿಂದಲೋ ಅತಿಯಾದ ಸದ್ದಿನಿಂದಲೋ ನಾಶವಾದ ಕೋಶಗಳು ಮರಳಿ ಬೆಳೆಯುವುದಿಲ್ಲ. ರೇಡಿಯೋದಲ್ಲಿ ನಿಲ್ದಾಣ ಸರಿಯಾಗಿ ಸಿಗದಿದ್ದಾಗ ಧ್ವನಿ ಏರಿಸಿದರೆ ಗೊರಗೊರ ಸದ್ದೇ ಹೆಚ್ಚುತ್ತದೆ. ಹಾಗೆಯೇ ಕಿವಿಯಿಂದ ಬರುವ ಸಂಕೇತ ಕ್ಷೀಣಿಸಿದಾಗ ಮಿದುಳು ತನ್ನ ಗ್ರಹಿಕೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಮೊರೆತ ಕೇಳಿಸಲು ಇದೇ ಮುಖ್ಯ ಕಾರಣವೆಂದು ಭಾವಿಸಲಾಗಿದೆ. ಗುಗ್ಗೆ ಕಟ್ಟುವುದು, ಕಿವಿಯ ಸೋಂಕು ಮತ್ತು ಕೆಲವು ಔಷಧಿಗಳೂ ಕಾರಣವಾಗಬಹುದು. ಆದರೆ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

1. ಮೊರೆತದೊಡನೆ ಒಮ್ಮೆಲೇ ಅಥವಾ ಎರಡು-ಮೂರು ದಿನಗಳಲ್ಲಿ ಕಿವಿ ಮಂದವಾಗುವುದು. ಇದಕ್ಕೆ ಮೊದಲ ಕೆಲವು ದಿನಗಳಲ್ಲಿ ದೊರೆಯುವ ಚಿಕಿತ್ಸೆಯೇ ಹೆಚ್ಚು ಫಲಕಾರಿ.
2. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ತೀವ್ರ ತಲೆಸುತ್ತು. ಆಗ 108ಕ್ಕೆ ಕರೆಮಾಡಬೇಕು.
3. ತಲೆಗೆ ಪೆಟ್ಟು ಬಿದ್ದ ನಂತರ ಮೊರೆತ ಆರಂಭವಾಗುವುದು.

ಒಂದೇ ಕಿವಿಯಲ್ಲಿ ಮೊರೆತ, ನಾಡಿಬಡಿತದ ಲಯದಲ್ಲಿ ಕೇಳುವ ಸದ್ದು, ಕಿವಿ ಸೋರುವುದು ಅಥವಾ ವಾರ ಕಳೆದರೂ ನಿಲ್ಲದ ಮೊರೆತವಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ಕಿವಿಗೆ ಬಿಸಿ ಎಣ್ಣೆ ಬಿಡುವುದು, ಕಡ್ಡಿ ಹಾಕುವುದು ಸಲ್ಲದು.

ದೀರ್ಘಕಾಲದ ಮೊರೆತವನ್ನು ಪೂರ್ಣ ನಿಲ್ಲಿಸುವ ಮಾತ್ರೆ ಇಲ್ಲ. ಆದರೂ ಶ್ರವಣಯಂತ್ರ, ಆಪ್ತಸಮಾಲೋಚನೆ, ರಾತ್ರಿ ಫ್ಯಾನಿನಂತಹ ಮೆಲುಸದ್ದಿನಿಂದ ಬಾಧೆ ತಗ್ಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆಯ ಸೌಲಭ್ಯವಿದೆ. ನಿದ್ರೆಗೆಟ್ಟು ಮನಸ್ಸು ಕುಗ್ಗಿದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬಹುದು.

ಪಂಚಾಯಿತಿಯ ಪಾತ್ರ

ಮೂರಡಿ ದೂರದಲ್ಲಿರುವವರೊಡನೆ ಕೂಗಿ ಮಾತನಾಡಬೇಕಾದರೆ ಆ ಸದ್ದು ಕಿವಿಗೆ ಹಾನಿಕರವೆಂದು ತಿಳಿಯಬೇಕು. ಹಿಟ್ಟಿನ ಗಿರಣಿ, ಜಲ್ಲಿ ಕ್ರಷರ್, ಕೊಳವೆಬಾವಿ ಕೊರೆಯುವ ಯಂತ್ರಗಳ ಬಳಿ ದುಡಿಯುವವರು ಕಿವಿರಕ್ಷಕ ಧರಿಸುವಂತೆ ಮಾಲೀಕರಿಗೆ ತಿಳಿಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ಸರ್ಕಾರ ವಿನಾಯಿತಿ ನೀಡಿದ ದಿನಗಳ ಹೊರತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಜಾತ್ರೆ, ಉತ್ಸವಗಳ ಪೂರ್ವಸಿದ್ಧತಾ ಸಭೆಯಲ್ಲಿಯೇ ಇದನ್ನು ತಿಳಿಸುವುದು ಉಚಿತ. ಮೇಲಿನ ಮೂರು ಲಕ್ಷಣಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ಕೋರಿದೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ