ಹಿಂದೆಗೆಯಬಲ್ಲ ದಂಡನಾಯಕ

ರಣರಂಗದಲ್ಲಿ ದಂಡನಾಯಕನ ಮಾತೇ ಶಾಸನ. ಮಂತ್ರಾಲೋಚನ ಸಭೆಯಲ್ಲಾದರೋ ಆತನ ಮಾತು ಹತ್ತರಲ್ಲಿ ಒಂದು. ಅಲ್ಲಿ ಎದುರಾಳಿಯನ್ನು ಸೋಲಿಸಿದರೆ ಕಾರ್ಯ ಮುಗಿಯಿತು; ಇಲ್ಲಿ ಆ ಎದುರಾಳಿಯೊಡನೆಯೇ ನಾಳೆಯೂ ಬಾಳಬೇಕು. ಈ ಭೇದವನ್ನು ಅರಿತು ಗೆದ್ದವನು, ಒಮ್ಮೆ ಮರೆತು ಸೋತವನು, ಮತ್ತೆ ನೆನೆದು ಮಾನವನ್ನು ಉಳಿಸಿಕೊಂಡವನು ಇಂಗ್ಲೆಂಡಿನ ವೆಲ್ಲಿಂಗ್ಟನ್ ಪ್ರಭು. ಆತನ ಯೌವನದ ಕೆಲವು ವರ್ಷಗಳು ನಮ್ಮ ಕಾವೇರೀತೀರದಲ್ಲಿಯೇ ಕಳೆದುದರಿಂದ ಆ ಚರಿತ್ರೆಯು ನಮ್ಮ ವಾಚಕರಿಗೆ ಕೇವಲ ಪರದೇಶದ ಕಥೆಯೆನಿಸಲಾರದು.

ಆತನ ಮೊದಲ ಹೆಸರು ಆರ್ಥರ್ ವೆಲ್ಲೆಸ್ಲಿ. 1769ರಲ್ಲಿ ಐರ್ಲೆಂಡಿನಲ್ಲಿ ನೆಲಸಿದ್ದ ಆಂಗ್ಲ ಮನೆತನವೊಂದರಲ್ಲಿ ಜನನ. ಹನ್ನೆರಡನೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ವಿದ್ಯಾಭ್ಯಾಸದಲ್ಲಿ ಹೇಳಿಕೊಳ್ಳುವಂತಹ ಹೆಸರೇನೂ ಇರಲಿಲ್ಲ. ಪಿಟೀಲುವಾದನದಲ್ಲಿ ಮಾತ್ರ ಆಸಕ್ತಿ. 1793ರಲ್ಲಿ ಆ ಪಿಟೀಲುಗಳನ್ನೂ ತಾನೇ ಸುಟ್ಟುಹಾಕಿ ಸೈನಿಕವೃತ್ತಿಗೆ ಮನಸ್ಸನ್ನು ಸಂಪೂರ್ಣವಾಗಿ ಕೊಟ್ಟನು. 1797ರಲ್ಲಿ ಭರತಖಂಡಕ್ಕೆ ಬಂದನು. ಮರುವರ್ಷ ಆತನ ಅಣ್ಣನೇ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದುದು ಅವನ ಅಭ್ಯುದಯಕ್ಕೆ ಸಾಧಕವಾಯಿತು.

1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿದ್ದ ಸುಲ್ತಾನಪೇಟೆಯ ತೋಪನ್ನು ಹಿಡಿಯಲು ವೆಲ್ಲೆಸ್ಲಿಯು ನುಗ್ಗಿದನು. ನೆಲದ ಏರಿಳಿತವಾಗಲಿ, ಶತ್ರುಗಳ ನೆಲೆಯಾಗಲಿ ಆತನಿಗೆ ತಿಳಿಯದು, ಕತ್ತಲೆಯೋ ದಟ್ಟವಾಗಿತ್ತು. ಟೀಪು ಸುಲ್ತಾನನ ಸೈನಿಕರು ಅವನನ್ನು ಹಿಮ್ಮೆಟ್ಟಿಸಿದರು. ಮುಂದೆ ನೋಡದ ನೆಲದಲ್ಲಿ ರಾತ್ರಿಯ ವೇಳೆ ದಾಳಿ ಮಾಡಲಾರೆನೆಂದು ಆತನು ಅಂದೇ ನಿಶ್ಚಯಿಸಿದನು. ಈ ಒಂದು ಪಾಠವನ್ನು ವಾಚಕರು ನೆನಪಿನಲ್ಲಿಡಬೇಕು. ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆ ಪಟ್ಟಣದ ಅಧಿಕಾರವು ವೆಲ್ಲೆಸ್ಲಿಯ ಕೈಗೆ ಬಂದಿತು. ಸೂರೆಯಲ್ಲಿ ತೊಡಗಿದ್ದ ತಮ್ಮ ಸೈನಿಕರನ್ನೇ ಕಠಿನವಾಗಿ ದಂಡಿಸಿ ಆತನು ಊರಿಗೆ ನೆಮ್ಮದಿಯನ್ನು ತಂದನು. ಮರುವರ್ಷ ಕೋನಗಲ್ಲಿನ ಬಳಿ ಧೋಂಡಿಯ ವಾಘನು ಹತನಾದಾಗ, ಆ ಶತ್ರುವಿನ ಎಳೆಯ ಮಗನಾದ ಸಲಾಬತ್ ಖಾನನ ಪೋಷಣೆಯ ಭಾರವನ್ನು ತಾನೇ ವಹಿಸಿಕೊಂಡನು. ಪರರಾಜ್ಯವನ್ನು ಗೆಲ್ಲಲು ಬಂದವನೆಂಬುದನ್ನು ನಾವು ಮರೆಯಬೇಕಾಗಿಲ್ಲ. ಆದರೂ ಈ ಗುಣವನ್ನು ಗುಣವೆಂದು ಹೇಳಲೇಬೇಕು.

ಯೂರೋಪಿನಲ್ಲಿ ಆತನ ಕೀರ್ತಿ ಬೆಳೆದುದು ಎಷ್ಟು ಜಯಗಳಿಂದಲೋ ಅಷ್ಟೇ ಹಿಂದೆಗೆತದಿಂದ. 1810ರಲ್ಲಿ ಫ್ರೆಂಚ್ ಸೇನಾಪತಿ ಮಸೇನನು ಪೋರ್ಚುಗಲ್ಲಿನ ಮೇಲೆ ಏರಿಬಂದಾಗ, ವರ್ಷದ ಹಿಂದೆಯೇ ಗುಪ್ತವಾಗಿ ಕಟ್ಟಲಾರಂಭಿಸಿದ್ದ ಟೋರೆಸ್ ವೆದ್ರಾಸ್ ಕೋಟೆಸಾಲುಗಳ ಹಿಂದಕ್ಕೆ ಆತನು ಸರಿದು ಕುಳಿತನು. ಶತ್ರುಸೈನ್ಯವು ಹಸಿವಿನಿಂದ ಕ್ಷೀಣಿಸಿ ತಾನಾಗಿಯೇ ಹಿಂದಿರುಗಿತು. 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನ ಪರಾಭವವಾದುದು ಲೋಕಪ್ರಸಿದ್ಧವಷ್ಟೆ.

1818ರ ಕೊನೆಯಲ್ಲಿ ಮಂತ್ರಿಮಂಡಲವನ್ನು ಸೇರಿದ ಈ ವೀರನು 1828ರ ಜನವರಿಯಲ್ಲಿ ಪ್ರಧಾನಮಂತ್ರಿಯಾದನು. ಆ ಕಾಲದಲ್ಲಿ ಕ್ಯಾಥೊಲಿಕ್ ಮತದವರಿಗೆ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. ಅದೇ ವರ್ಷ ಐರ್ಲೆಂಡಿನ ಕ್ಲೇರ್ ಪ್ರಾಂತದ ಜನರು ಕ್ಯಾಥೊಲಿಕ್ ಮುಖಂಡನಾದ ಡೇನಿಯಲ್ ಓಕಾನೆಲನನ್ನೇ ಚುನಾಯಿಸಿದರು. ಅವನನ್ನು ಹೊರಗಿಟ್ಟರೆ ದಂಗೆ. ಒಳಗೆ ಕರೆದರೆ ಸ್ವಪಕ್ಷದವರ ಕೋಪ. ವೆಲ್ಲಿಂಗ್ಟನ್ನನೂ ಅಂತಹ ರಿಯಾಯಿತಿಗೆ ವಿರೋಧಿಯಾಗಿದ್ದವನೇ. ಆದರೆ ಐರ್ಲೆಂಡಿನ ನೆಲವನ್ನು ಆತನು ಬಲ್ಲನು. ತಾನು ಯುದ್ಧವನ್ನು ಇತರರಿಗಿಂತ ಹೆಚ್ಚಾಗಿ ಕಂಡವನೆಂದೂ, ಒಂದು ತಿಂಗಳ ಅಂತಃಕಲಹವನ್ನು ತಪ್ಪಿಸಲು ಪ್ರಾಣವನ್ನಾದರೂ ಕೊಡುವೆನೆಂದೂ ಲಾರ್ಡುಗಳ ಸಭೆಯಲ್ಲಿ ಹೇಳಿದನು. ಒಪ್ಪದ ದೊರೆಯನ್ನು ಒಪ್ಪಿಸಿದನು. ನಿಂದಿಸಿದ ವಿಂಚಿಲ್ಸೀ ಪ್ರಭುವಿನೊಡನೆ, ಪ್ರಧಾನಮಂತ್ರಿಯಾಗಿದ್ದರೂ, 1829ರ ಮಾರ್ಚ್ 21ರಂದು ಪಿಸ್ತೂಲಿನ ದ್ವಂದ್ವಕ್ಕೆ ನಿಂತನು. ದೈವವಶದಿಂದ ಯಾರಿಗೂ ಗಾಯವಾಗಲಿಲ್ಲ. ಏಪ್ರಿಲಿನಲ್ಲಿ ಶಾಸನವು ಸಿದ್ಧವಾಯಿತು. ಅದರ ಜತೆಯಲ್ಲಿಯೇ ಐರ್ಲೆಂಡಿನ ಬಡರೈತರ ಮತದಾನದ ಹಕ್ಕನ್ನು ಮೊಟಕುಗೊಳಿಸಿದುದು ಈ ಸತ್ಕಾರ್ಯದ ಕಳಂಕವೆನ್ನಬೇಕು.

ಆದರೆ ಮರುವರ್ಷವೇ ಆತನು ಸುಲ್ತಾನಪೇಟೆಯ ಪಾಠವನ್ನು ಮರೆತನು. ಆಗ ಬಹುತೇಕ ನಿರ್ಜನವಾಗಿದ್ದ ಓಲ್ಡ್ ಸೇರಮ್ ಎಂಬ ದಿಬ್ಬವು ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುತ್ತಿತ್ತು. ಮ್ಯಾಂಚೆಸ್ಟರಿನಂತಹ ಮಹಾನಗರಕ್ಕೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಸುಧಾರಣೆ ಬೇಕೆಂದು ದೇಶವೆಲ್ಲ ಕೂಗುತ್ತಿರಲು, 1830ರ ನವೆಂಬರ್ 2ರಂದು ಆತನು ಇರುವ ವ್ಯವಸ್ಥೆಯೇ ಉತ್ತಮವೆಂದೂ, ಸುಧಾರಣೆಯನ್ನು ತಾನು ವಿರೋಧಿಸುವೆನೆಂದೂ ಸಾರಿಬಿಟ್ಟನು. ಎದುರಿನ ನೆಲವನ್ನು ನೋಡದೆ ಕತ್ತಲೆಯಲ್ಲಿ ಇಟ್ಟ ಹೆಜ್ಜೆಯದು. ಎರಡೇ ವಾರಗಳಲ್ಲಿ ಮಂತ್ರಿಮಂಡಲವು ಉರುಳಿತು. 1831ರ ಏಪ್ರಿಲಿನಲ್ಲಿ ಜನರ ಗುಂಪು ಆತನ ಮನೆಯ ಕಿಟಕಿಗಳನ್ನು ಒಡೆಯಿತು. ಒಳಗೆ ಆತನ ಮಡದಿಯ ಶವವು ಸಂಸ್ಕಾರಕ್ಕಾಗಿ ಕಾದಿತ್ತು. ವಾಟರ್ಲೂವಿನ ವಿಜಯಿಯು ತನ್ನ ರಾಜಧಾನಿಯಲ್ಲಿಯೇ ಕಿಟಕಿಗಳಿಗೆ ಕಬ್ಬಿಣದ ಕದಗಳನ್ನು ಹಾಕಿಸಬೇಕಾಯಿತು.

ಪರಾಭವವು ಆತನಿಗೆ ಮತ್ತೆ ಗುರುವಾಯಿತು. 1832ರಲ್ಲಿ ಸರ್ಕಾರವನ್ನು ರಚಿಸಲು ಯತ್ನಿಸಿ ವಿಫಲನಾದ ಮೇಲೆ, ತಾನೂ ತನ್ನ ಪಕ್ಷದ ಅನೇಕ ಪ್ರಭುಗಳೂ ಸಭೆಯಿಂದ ದೂರವುಳಿದು, ತನಗೆ ಒಪ್ಪಿಗೆಯಿಲ್ಲದ ಸುಧಾರಣಾ ಮಸೂದೆಗೆ ದಾರಿ ಬಿಟ್ಟನು. 1846ರಲ್ಲಿಯೂ ಧಾನ್ಯದ ಸುಂಕವನ್ನು ತೆಗೆಯುವ ಮಸೂದೆಯನ್ನು, ಮನಸ್ಸೊಪ್ಪದಿದ್ದರೂ, ದೇಶದ ಆಡಳಿತವು ನಡೆಯಬೇಕೆಂಬ ಕಾರಣದಿಂದ ಲಾರ್ಡುಗಳ ಸಭೆಯಲ್ಲಿ ದಾಟಿಸಿದನು. 1852ರ ಸೆಪ್ಟೆಂಬರ್ 14ರಂದು ಆತನು ಕಾಲವಶನಾದಾಗ, ಹಿಂದೆ ಕಲ್ಲೆಸೆದ ಲಂಡನ್ ನಗರವೇ ಬೀದಿಬೀದಿಯಲ್ಲಿ ನಿಂತು ಶವಯಾತ್ರೆಗೆ ತಲೆಬಾಗಿತು.

ನಮ್ಮ ಕೌಟಿಲ್ಯನು ರಾಜನೀತಿಯ ಆರು ಗುಣಗಳಲ್ಲಿ ವಿಗ್ರಹದೊಡನೆ ಸಂಧಿಯನ್ನೂ ಆಸನವನ್ನೂ ಹೇಳಿರುವನು. ಎರಡರಿಂದಲೂ ಸಮಾನವಾದ ಲಾಭವಿದ್ದರೆ ವಿಗ್ರಹವನ್ನು ಬಿಟ್ಟು ಸಂಧಿಯನ್ನೇ ಹಿಡಿಯಬೇಕೆಂದೂ ವಿಧಿಸಿರುವನು. ಅರ್ಥಶಾಸ್ತ್ರವನ್ನು ಓದದ ಈ ಪರದೇಶದ ಯೋಧನು ಅದನ್ನು ಅನುಭವದಿಂದ ಕಲಿತನು. ಹಿಂದೆಗೆಯುವುದೆಲ್ಲ ಹೇಡಿತನವಲ್ಲ. ನಾಲ್ಕು ಜನರನ್ನು ನಡೆಸುವ ಭಾರವುಳ್ಳವನು, ರಾಜ್ಯದ ಮಂತ್ರಿಯಾಗಲಿ, ಮನೆಯ ಯಜಮಾನನಾಗಲಿ, ತನ್ನ ಮಾತು ಗೆಲ್ಲುವುದಕ್ಕಿಂತ ತನ್ನವರು ಒಟ್ಟಿಗಿರುವುದು ದೊಡ್ಡದೆಂದು ತಿಳಿದು ಒಂದು ಹೆಜ್ಜೆ ಸರಿದರೆ, ಅದೂ ಪರಾಕ್ರಮವೇ ಸರಿ.